ಎಲ್ಡರ್‌ಸ್ಟೋ ಪಂಚಾಯಿತಿಯ ವಂದನಾ ಠರಾವು

ಒಂಬತ್ತನೆಯ ಪ್ರಶ್ನೆಗೆ ಬಂದಾಗ ಡೊರೀನ್ ಟ್ಯಾಪ್‌ಸ್ಕಾಟಳ ಪೆನ್ನು ನಿಂತುಬಿಟ್ಟಿತು.

ಅಲ್ಲಿಯವರೆಗೆ ಎಲ್ಲವೂ ಸಲೀಸಾಗಿತ್ತು. ಈ ಕಾಲುದಾರಿಯಲ್ಲಿ ಎಷ್ಟು ವರ್ಷದಿಂದ ನಡೆದಿದ್ದೀರಿ? ಮೂವತ್ತೊಂದು. ವರ್ಷಕ್ಕೆ ಎಷ್ಟು ಸಲ? ಇನ್ನೂರಕ್ಕೆ ಮೋಸವಿಲ್ಲ. ಯಾರಾದರೂ ಅಡ್ಡಗಟ್ಟಿದ್ದುಂಟೇ? ಮನುಷ್ಯರಾರೂ ಇಲ್ಲ, ಒಮ್ಮೆ ಒಂದು ಟಗರು. ಒಂಬತ್ತನೆಯದು ಹೀಗಿತ್ತು: ಈ ದಾರಿಯಲ್ಲಿ ನಡೆಯಲು ಜಮೀನಿನ ಒಡೆಯರ ಅಪ್ಪಣೆ ಪಡೆದಿದ್ದೀರಾ?

ದಾರಿಯನ್ನು ಸರಕಾರಿ ನಕ್ಷೆಗೆ ಸೇರಿಸಿ ಎಂದು ಊರಿನ ಅರವತ್ತೊಂದು ಮಂದಿ ಇದೇ ನಮೂನೆಯನ್ನು ತುಂಬಿ ಕೊಟ್ಟಿದ್ದರು. ಎಲ್ಲರೂ ಅಲ್ಲಿ 'ಇಲ್ಲ' ಎಂದು ಬರೆದಿದ್ದರು, ಕೆಲವರು ಸಿಟ್ಟಿನಿಂದ ಎರಡೆರಡು ಗೆರೆ ಎಳೆದಿದ್ದರು. ಪಂಚಾಯಿತಿಯ ಕಾರ್ಯದರ್ಶಿಯಾಗಿ ಅವನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಟ್ಟು, ಕೊನೆಯದಾಗಿ ತನ್ನದನ್ನು ತುಂಬಲು ಡೊರೀನ್ ಕುಳಿತಿದ್ದಳು. 'ಇಲ್ಲ' ಎಂದು ಬರೆಯುವುದು ಎಷ್ಟರ ಕೆಲಸ? ಆದರೆ ಅವಳು ಎದ್ದು ಹೋಗಿ ಜಿಲ್ಲಾ ಕಚೇರಿಯ ಕಾಲುದಾರಿ ವಿಭಾಗಕ್ಕೆ ಫೋನ್ ಮಾಡಿದಳು. ಬೇರೆ ಯಾರದೋ ಸಂಶಯ ಎಂಬಂತೆ ವಿಚಾರಿಸಿದಳು. ಅತ್ತ ಕಡೆಯ ಹೆಂಗಸು ತಾಳ್ಮೆಯಿಂದ ತಿಳಿಸಿದಳು: ಜನ ಇಪ್ಪತ್ತು ವರ್ಷ ನಡೆದಿದ್ದರೆ ದಾರಿ ಜನರದು. ಆದರೆ ಹಾಗೆ ನಡೆದದ್ದು ಬಲವಂತದಿಂದ ಆಗಿರಬಾರದು, ಕದ್ದುಮುಚ್ಚಿ ಆಗಿರಬಾರದು, ಅಪ್ಪಣೆಯ ಮೇಲೂ ಆಗಿರಬಾರದು. ಒಡೆಯ ಕೊಟ್ಟದ್ದನ್ನು ಒಡೆಯ ವಾಪಸು ತೆಗೆದುಕೊಳ್ಳಬಹುದಲ್ಲ? ಡೊರೀನ್ ಅವಳಿಗೆ ಮೂರು ಸಲ ಥ್ಯಾಂಕ್ಸ್ ಹೇಳಿ ಫೋನಿಟ್ಟಳು. ಆಮೇಲೆ ಅಡುಗೆಮನೆಯ ಕುರ್ಚಿಯಲ್ಲಿ ಕುಕ್ಕರಿಸಿದಳು.

ಆ ದಾರಿಗೆ ಹೆಣದ ಹಾದಿ ಎಂದೇ ಹೆಸರು. ಗುಡ್ಡದ ಮೇಲಿನ ಅಪ್ಪರ್ ಎಂಡ್ ಕೇರಿಗೆ ಚರ್ಚಿಲ್ಲ, ಎಂದೂ ಇರಲಿಲ್ಲ. ಅಲ್ಲಿ ಸತ್ತವರನ್ನು ಹಾಕ್‌ರಿಜ್ ಮನೆತನದ ಮೂರು ಹೊಲ ದಾಟಿಸಿ ಕೆಳಗಿನ ಎಲ್ಡರ್‌ಸ್ಟೋ ಚರ್ಚಿಗೆ ಹೊತ್ತು ತರುತ್ತಿದ್ದರು. ಪೆಟ್ಟಿಗೆ ಇಳಿಸಿ ಉಸಿರು ಬಿಡಲು ನಡುವೆ ಒಂದು ಚಪ್ಪಟೆ ಕಲ್ಲು. ಸತ್ತವರು ಕಾರಿನಲ್ಲಿ ಹೋಗುವ ಕಾಲ ಬಂದ ಮೇಲೆ ಬದುಕಿದ್ದವರು ಅದರಲ್ಲಿ ನಡೆದರು: ಚರ್ಚಿಗೆ, ಅಂಗಡಿಗೆ, ಪಬ್ಬಿಗೆ, ಸುಮ್ಮನೆ ನಾಯಿಯ ಹಿಂದೆ. ಯಾವ ನಕ್ಷೆಯಲ್ಲೂ ಅದಿರಲಿಲ್ಲ. ಇದಕ್ಕೂ ಊರಿನವರೇ ಕಾರಣ. ೧೯೫೧ರಲ್ಲಿ ಊರೂರಿನ ಕಾಲುದಾರಿಗಳನ್ನೆಲ್ಲ ಬರೆದು ಕಳಿಸಿ ಎಂದು ಸರಕಾರ ಕೇಳಿದಾಗ ಅಂದಿನ ಪಂಚಾಯಿತಿ ಹನ್ನೊಂದು ದಾರಿಗಳ ಪಟ್ಟಿ ಮಾಡಿತು. ಯಾರಿಗೂ ಗೊತ್ತಿರದ ಸಂದಿಗೊಂದಿಗಳೆಲ್ಲ ಪಟ್ಟಿಗೆ ಸೇರಿದವು. ಹೆಣದ ಹಾದಿ ಎಲ್ಲರಿಗೂ ಗೊತ್ತಿದ್ದದ್ದೇ, ಅದನ್ನೇನು ಬರೆಯುವುದು ಎಂದು ಬಿಟ್ಟರು. ನಡಾವಳಿ ಪುಸ್ತಕದಲ್ಲಿ ಹಾಗೆಂದೇ ಬರೆದಿದೆ. ಇಂಥ ಬುದ್ಧಿವಂತರ ಊರು ಅದು.

ಗಿಲ್ಬರ್ಟ್ ಹಾಕ್‌ರಿಜ್ ಬದುಕಿರುವವರೆಗೆ ತೊಂದರೆ ಇರಲಿಲ್ಲ. ಅವನು ಎಂಬತ್ತೊಂದಕ್ಕೆ ತೀರಿಕೊಂಡ. ತಂಗಿಯ ಮಗ ಹೊಲ ಮಾರಿದ, ಲಂಡನ್ನಿನ ಜೂಲಿಯನ್ ಕ್ರೆಸ್‌ವೆಲ್ ಕುದುರೆ ಸಾಕಲು ಕೊಂಡ. ಕ್ರೆಸ್‌ವೆಲ್ ಕೆಟ್ಟವನೇನಲ್ಲ, ಕಾರಿನಿಂದ ಎಲ್ಲರಿಗೂ ಕೈ ಬೀಸುತ್ತಿದ್ದ. ನಕ್ಷೆ ನೋಡಿದ, ದಾರಿ ಕಾಣಲಿಲ್ಲ, ಗೇಟಿಗೆ ಬೀಗ ಜಡಿದ. ಖಾಸಗಿ ಜಮೀನು ಎಂದು ಹಸಿರು ಹಲಗೆ ತೂಗುಹಾಕಿದ. ಪಕ್ಕದಲ್ಲಿ ಬೇಲಿ ಹತ್ತಿ ದಾಟುವ ತಡಮೆಗೂ ಮುಳ್ಳುತಂತಿ ಬಿತ್ತು. ಅಂದಿನಿಂದ ಅಪ್ಪರ್ ಎಂಡಿನವರು ಚರ್ಚಿಗೆ ಬರಬೇಕೆಂದರೆ ಲಾರಿಗಳು ನುಗ್ಗುವ ಮುಖ್ಯರಸ್ತೆಯಲ್ಲಿ ಎರಡೂವರೆ ಮೈಲಿ ಸುತ್ತಬೇಕಿತ್ತು.

ಆ ಕೇರಿಯವಳೇ ಎನಿಡ್ ಬ್ರಾಕ್. ಎಪ್ಪತ್ತೊಂಬತ್ತು ವರ್ಷ, ಮದುವೆಯಾಗಲಿಲ್ಲ, ಶಾಲೆಯಲ್ಲಿ ಅಡುಗೆಯವಳಾಗಿ ಊರಿನ ಮೂರು ತಲೆಮಾರಿಗೆ ಎಲೆಕೋಸು ತಿನ್ನಿಸಿದವಳು. ಮುಖಕ್ಕೆ ಹೊಡೆದಂತೆ ಮಾತು. ಈ ವಸಂತದಲ್ಲಿ ಡಾಕ್ಟರು ಅವಳ ಎದೆಗೆ ಕೊಳವೆ ಇಟ್ಟು ಕೇಳಿ, ಮುಂದಿನ ಚಳಿಗಾಲವನ್ನು ನಂಬಿಕೊಂಡು ಕೂರಬೇಡಿ ಎಂಬರ್ಥದಲ್ಲಿ ಏನೋ ನಯವಾಗಿ ಹೇಳಿದ್ದರು. ಎನಿಡ್ ಅಳಲಿಲ್ಲ. ಅವಳ ಅಜ್ಜಿ, ಅವಳ ತಾಯಿ, ಅವಳ ಅಣ್ಣ ಎಲ್ಲರೂ ಹೆಗಲ ಮೇಲೆ ಹೋದದ್ದು ಹೆಣದ ಹಾದಿಯಲ್ಲಿ. ಅವಳಿಗೂ ಅದೇ ಬೇಕಿತ್ತು, ಬೇರೇನೂ ಬೇಕಿರಲಿಲ್ಲ. ಆ ಕರಿ ಕಾರಿನಲ್ಲಿ ಲಾರಿಗಳ ನಡುವೆ ಸುತ್ತಿಸಿಕೊಂಡು ಹೋದರೆ ಪೆಟ್ಟಿಗೆಯೊಳಗೇ ಎದ್ದು ಕೂರುತ್ತೇನೆ ಎಂದು ಡೊರೀನಳಿಗೆ ಹೇಳಿಟ್ಟಿದ್ದಳು. ಊರಿಗೆ ಸೊಸೆಯಾಗಿ ಬಂದ ಡೊರೀನಳೊಂದಿಗೆ ಮೊದಲ ವರ್ಷ ಮಾತಾಡಿದವಳು ಅವಳೊಬ್ಬಳೇ. ಡೊರೀನಳಿಗೆ ಆ ಮುದುಕಿಯೆಂದರೆ ಪ್ರಾಣ. ಬೀಗ ಬಿದ್ದ ದಿನದಿಂದ ಕೈ ತೊಳೆದುಕೊಂಡು ಈ ಕೆಲಸದ ಹಿಂದೆ ಬಿದ್ದದ್ದು ಅದಕ್ಕೇ.

ಈಗ ಆ ದಾರಿ ಮತ್ತೆ ತೆರೆಯದಂತೆ ಮಾಡಿದವಳು ತಾನೇ ಎಂದು ಗೊತ್ತಾಯಿತು.

ಆದದ್ದು ಇಷ್ಟು. ಡೊರೀನ್ ಕಾರ್ಯದರ್ಶಿಯಾದ ಮೊದಲ ವರ್ಷ, ಮೇ ತಿಂಗಳ ವಾರ್ಷಿಕ ಸಭೆಯಲ್ಲಿ, ಯಾರಿಗಾದರೂ ವಂದನೆ ಸಲ್ಲಿಸುವುದಿದೆಯೇ ಎಂದು ಅಧ್ಯಕ್ಷರು ಕೇಳಿದರು. ಹಿಂದಿನ ದಿನವಷ್ಟೇ ಗಿಲ್ಬರ್ಟ್ ಮಳೆಯಲ್ಲಿ ತಡಮೆಗೆ ಹೊಸ ಹಲಗೆ ಬಡಿಯುತ್ತಿದ್ದುದನ್ನು ಅವಳು ಕಂಡಿದ್ದಳು. ಪಾಪ, ಆ ಮನುಷ್ಯನಿಗೆ ಯಾರೂ ಒಂದು ಮಾತು ಹೇಳಿಲ್ಲವಲ್ಲ ಎನ್ನಿಸಿ ಕೈ ಎತ್ತಿದಳು. ಠರಾವು ಪಾಸಾಯಿತು. ಅವಳು ಕೂತು ಪತ್ರ ಬರೆದಳು: ತಮ್ಮ ಜಮೀನಿನ ಮೇಲೆ ನಡೆದಾಡಲು ಊರವರಿಗೆ ದಯಮಾಡಿ ಅವಕಾಶ ಕೊಟ್ಟದ್ದಕ್ಕಾಗಿ ಪಂಚಾಯಿತಿಯು ತಮಗೆ ಹೃತ್ಪೂರ್ವಕ ವಂದನೆ ಸಲ್ಲಿಸುತ್ತದೆ. ಆ ವಾಕ್ಯದ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು. ಪತ್ರದ ಜೊತೆಗೆ ಕಿತ್ತಳೆ ಮಾರ್ಮಲೇಡಿನ ಒಂದು ಸೀಸೆ ಇಟ್ಟಳು. ಒಮ್ಮೆ ಶುರುವಾದದ್ದು ಆ ಊರಿನಲ್ಲಿ ನಿಲ್ಲುವುದುಂಟೇ? ಇಪ್ಪತ್ತೆರಡು ಮೇ ತಿಂಗಳು, ಇಪ್ಪತ್ತೆರಡು ಠರಾವು, ಇಪ್ಪತ್ತೆರಡು ಪತ್ರ. ಗಿಲ್ಬರ್ಟ್ ಒಂದಕ್ಕೂ ಉತ್ತರ ಬರೆಯಲಿಲ್ಲ. ಖಾಲಿ ಸೀಸೆಯನ್ನು ತೊಳೆದು ಅವಳ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ, ಅಷ್ಟೇ. ಅವನ ಕಾಗದಪತ್ರವೆಲ್ಲ ಸೋದರಳಿಯ ಹಿತ್ತಿಲಲ್ಲಿ ಸುಟ್ಟಿದ್ದ. ಪತ್ರದ ನಕಲುಗಳು ಇದ್ದದ್ದು ಡೊರೀನಳ ಬೀರುವಿನಲ್ಲಿ ಮಾತ್ರ, ನಡಾವಳಿ ಪುಸ್ತಕದ ಪಕ್ಕ. ಠರಾವುಗಳ ಪುಟಗಳನ್ನು ಅವಳ ಹೊರತು ಯಾರೂ ತಿರುವಿ ನೋಡಿದವರಲ್ಲ.

ಮೊದಲು ಎನಿಡಳಿಗೇ ಹೇಳಬೇಕೆಂದು ಮುಖ್ಯರಸ್ತೆ ಸುತ್ತಿಕೊಂಡು ಅಪ್ಪರ್ ಎಂಡಿಗೆ ಹೋದಳು. ಎನಿಡ್ ಒಲೆಯ ಮುಂದೆ ಕೂತು ಬಟಾಣಿ ಬಿಡಿಸುತ್ತಿದ್ದಳು.

"ಎನಿಡ್, ನಾನೊಂದು ತಪ್ಪು ಮಾಡಿದೀನಿ."

"ಒಂದೇನಾ? ಕೂತ್ಕೋ."

ಡೊರೀನ್ ಎಲ್ಲವನ್ನೂ ಹೇಳಿದಳು. ಎನಿಡಳ ಕೈ ಬಟಾಣಿಯ ಮೇಲೆ ನಿಂತಿತು.

"ಗಿಲ್ಬರ್ಟ್‌ಗೆ? ಆ ಗೂಬೆಗೆ? ನಮ್ಮವ್ವನ ಹೆಣ ಹೋದ ದಾರಿಗೆ ನೀನು ಅವನಿಗೆ ಥ್ಯಾಂಕ್ಸ್ ಬರೆದ್ಯಾ?"

"ಬರೆದೆ. ವರ್ಷಾ ವರ್ಷಾ."

"ಮಾರ್ಮಲೇಡ್ ಬೇರೆ."

"ಹೂಂ."

ಎನಿಡ್ ಗದ್ದದಿಂದ ಒಲೆಯ ಕಡೆ ತೋರಿಸಿದಳು. "ಬೆಂಕಿ ಉರೀತಾ ಇದೆ. ಪುಸ್ತಕ ತಂದಿದೀಯಾ?"

"ನಡಾವಳಿ ಪುಸ್ತಕ ಸುಡೋಕಾಗಲ್ಲ ಕಣೇ. ಅದು ನನ್ನದಲ್ಲ, ಊರಿಂದು."

"ದಾರೀನೂ ಊರಿಂದೇ ಆಗಿತ್ತು," ಎಂದಳು ಎನಿಡ್. "ಹೋಗು, ಬಾಗಿಲು ಹಾಕ್ಕೊಂಡು ಹೋಗು. ಚಳಿ."

ಜೂನ್ ತಿಂಗಳ ಬಿಸಿಲಿತ್ತು ಹೊರಗೆ. ಡೊರೀನ್ ಎರಡೂವರೆ ಮೈಲಿಯೂ ಅತ್ತುಕೊಂಡು ನಡೆದಳು. ಲಾರಿಯವನೊಬ್ಬ ವೇಗ ತಗ್ಗಿಸಿ ಜಾಗ ಬಿಟ್ಟಾಗ ಅಳುತ್ತಲೇ ಕೈ ಎತ್ತಿ ಥ್ಯಾಂಕ್ಸ್ ಹೇಳಿದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಪಂಚಾಯಿತಿ ಅಧ್ಯಕ್ಷ ರಾಲ್ಫ್ ಪೆನ್‌ಫೋಲ್ಡ್ ನಿವೃತ್ತ ದನದ ಡಾಕ್ಟರು, ಯಾರಿಗೂ ನೋವು ಮಾಡದ ಮನುಷ್ಯ. ಅವಳ ಮಾತನ್ನು ಕೇಳಿ ಕನ್ನಡಕ ಒರೆಸಿದರು, ಮತ್ತೆ ಒರೆಸಿದರು.

"ಕೇಳದೇ ಇರೋ ಪ್ರಶ್ನೆಗೆ ನಾವಾಗಿ ಉತ್ತರ ಕೊಡ್ಬೇಕು ಅಂತೇನಿಲ್ಲ ಅಲ್ವಾ, ಡೊರೀನ್?"

"ಕೇಳಿದಾರೆ ರಾಲ್ಫ್. ಒಂಬತ್ತನೇ ಪ್ರಶ್ನೆ."

ಆಗಸ್ಟಿನ ಸಭೆಯಲ್ಲಿ ಅವಳು ಪತ್ರದ ನಕಲುಗಳನ್ನು ಮೇಜಿನ ಮೇಲಿಟ್ಟು, ಇವನ್ನು ಜಿಲ್ಲಾ ಕಚೇರಿಗೂ ಕ್ರೆಸ್‌ವೆಲ್‌ಗೂ ಕಳಿಸುತ್ತಿದ್ದೇನೆ ಎಂದಳು. ಏಳು ಮಂದಿ ಸದಸ್ಯರಲ್ಲಿ ಒಬ್ಬರೂ ದನಿ ಏರಿಸಲಿಲ್ಲ. ವಿಷಯವನ್ನು ಗಮನಕ್ಕೆ ತಂದದ್ದಕ್ಕಾಗಿ ಕಾರ್ಯದರ್ಶಿಯವರಿಗೆ ವಂದನೆ ಎಂದು ಒಬ್ಬರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು. ಅದನ್ನೂ ಅವಳೇ ಬರೆದುಕೊಳ್ಳಬೇಕಾಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಅಂಗಡಿಯಲ್ಲಿ ಎಲ್ಲರೂ ಅವಳೊಂದಿಗೆ ಹವೆಯ ಬಗ್ಗೆ ಮಾತ್ರ ಮಾತಾಡಿದರು, ಬಹಳ ನಯವಾಗಿ. ಎನಿಡ್ ಅದನ್ನೂ ಮಾತಾಡಲಿಲ್ಲ. ಡೊರೀನ್ ಎರಡು ಸಲ ಕೇಕ್ ಕಟ್ಟಿಕೊಂಡು ಹೋದಳು. ಎರಡು ಸಲವೂ ಪರದೆ ಅಲುಗಿತೇ ಹೊರತು ಬಾಗಿಲು ತೆರೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಊರ ಸಭಾಂಗಣದಲ್ಲಿ ಬಹಿರಂಗ ವಿಚಾರಣೆ ನಡೆಯಿತು. ಸರಕಾರ ಕಳಿಸಿದ ಅಧಿಕಾರಿ ಸಣಕಲು ಮನುಷ್ಯ, ಬೆಳಿಗ್ಗೆಯೇ ಹೊಲ ಸುತ್ತಿ ಬಂದು ಕೆಸರು ಬೂಟಿನಲ್ಲೇ ಮೇಜಿನ ಹಿಂದೆ ಕೂತಿದ್ದರು. ಹಿಂದಿನ ಸಾಲಿನಲ್ಲಿ ಕ್ರೆಸ್‌ವೆಲ್, ಅವನ ಪಕ್ಕ ಅವನ ವಕೀಲೆ. ಊರೇ ನೆರೆದಿತ್ತು. ಡೊರೀನಳ ಸರದಿ ಬಂದಾಗ ವಕೀಲೆ ಇಪ್ಪತ್ತೆರಡು ಪತ್ರಗಳನ್ನೂ ಒಂದೊಂದಾಗಿ ಓದಿಸಿದಳು. ದಯಮಾಡಿ ಅವಕಾಶ ಕೊಟ್ಟದ್ದಕ್ಕಾಗಿ. ದಯಮಾಡಿ ಅವಕಾಶ ಕೊಟ್ಟದ್ದಕ್ಕಾಗಿ. ಡೊರೀನ್ ಇಪ್ಪತ್ತೆರಡನ್ನೂ ಓದಿದಳು. ಇವು ಅಪ್ಪಣೆಗೆ ಹೇಳಿದ ಕೃತಜ್ಞತೆಯಲ್ಲದೆ ಮತ್ತೇನು ಎಂದು ವಕೀಲೆ ಮೆತ್ತಗೆ ಕೇಳಿದಳು. ಕ್ಷಮಿಸಿ ಎಂದಳು ಡೊರೀನ್. ಯಾರಿಗೆ ಹೇಳಿದ್ದೆಂದು ಅವಳಿಗೇ ಗೊತ್ತಿರಲಿಲ್ಲ.

ಸಾಯಂಕಾಲ ಅಧಿಕಾರಿ ಕಾಗದ ಜೋಡಿಸುತ್ತ, ಇನ್ನು ಯಾರಾದರೂ ಹೇಳುವುದಿದೆಯೇ ಎಂದು ಕೇಳಿದರು. ಬಾಗಿಲ ಹತ್ತಿರ ಊರುಗೋಲಿನ ಸದ್ದಾಯಿತು. ಎನಿಡ್ ಯಾವ ನಮೂನೆಯನ್ನೂ ತುಂಬಿದವಳಲ್ಲ. ಅರವತ್ತೆರಡನೇ ಇಸವಿಯಲ್ಲಿ ಅಪ್ಪರ್ ಎಂಡಿನ ನಲ್ಲಿಯನ್ನು ಕಿತ್ತುಹಾಕಿದ ಮೇಲೆ ಪಂಚಾಯಿತಿಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಕುರ್ಚಿ ಕೊಟ್ಟರೆ ಬೇಡವೆಂದಳು.

"ನಿಂತೇ ಹೇಳ್ತೀನಿ. ಕೂತ್ರೆ ಎಬ್ಬಿಸೋಕೆ ಇಬ್ರು ಬೇಕು."

ಹೆಸರು ಹೇಳಿದಳು. ಬುದ್ಧಿ ಬಂದಾಗಿನಿಂದ, ವಾರಕ್ಕೆ ಎರಡು ಸಲಕ್ಕೆ ಕಡಿಮೆಯಿಲ್ಲದಂತೆ, ಬೀಗ ಬೀಳುವವರೆಗೂ ಆ ದಾರಿಯಲ್ಲಿ ನಡೆದಿದ್ದೇನೆ ಎಂದಳು. ಗಿಲ್ಬರ್ಟ್ ನಿಮಗೆ ಎಂದಾದರೂ ಅನುಮತಿ ಕೊಟ್ಟದ್ದುಂಟೇ ಎಂದು ವಕೀಲೆ ಕೇಳಿದಳು.

"ಒಂದ್ಸಲ ಗೇಟು ತೆಗೆದು ನಿಂತ್ಕೊಂಡಿದ್ದ. ನನ್ನ ಕೈಗೇನು ಲಕ್ವ ಹೊಡೆದಿದೆಯೇನೋ ಅಂದೆ. ಆಮೇಲೆ ತೆಗೀಲಿಲ್ಲ."

ಸಭೆಯಲ್ಲಿ ಯಾರೋ ಕೆಮ್ಮಿದರು. ನಲವತ್ತೇಳನೇ ಇಸವಿಯ ಹಿಮದಲ್ಲಿ ತನ್ನ ತಾಯಿಯನ್ನು ಹೊತ್ತು ತಂದದ್ದನ್ನು ಎನಿಡ್ ಹೇಳಿದಳು. ಗೇಟು ಹೆಪ್ಪುಗಟ್ಟಿತ್ತು, ಅಲುಗಲಿಲ್ಲ. ಹೊತ್ತವರು ಪೆಟ್ಟಿಗೆಯನ್ನು ಹಿಮದ ಮೇಲಿಟ್ಟು ಗೇಟನ್ನೇ ಕೀಲಿನಿಂದ ಕಿತ್ತು ಎತ್ತಿಟ್ಟರು. ವಕೀಲೆಯ ಕಣ್ಣು ಮಿನುಗಿತು. ಹಾಗಾದರೆ ಅದು ಬಲವಂತವಲ್ಲವೇ?

"ಬಲವಂತ ಎಲ್ಲಿಂದ ಬಂತಮ್ಮ? ಗೇಟಿನ ಇನ್ನೊಂದು ತುದಿ ಹಿಡಿದಿದ್ದವನು ಗಿಲ್ಬರ್ಟ್‌ನ ಅಪ್ಪ. ಆಮೇಲೆ ಟೋಪಿ ಕೈಯಲ್ಲಿ ಹಿಡ್ಕೊಂಡು ಚರ್ಚಿನವರೆಗೂ ನಮ್ಮ ಹಿಂದೆ ಬಂದ. ನಾವು ಅವನನ್ನ ಕೇಳ್ಲಿಲ್ಲ. ಅವನೂ ನಮ್ಮನ್ನ ಕೇಳ್ಲಿಲ್ಲ. ಹೆಣದ ಮುಂದೆ ಯಾರು ಯಾರನ್ನ ಕೇಳ್ತಾರೆ?"

ವಕೀಲೆ ಕಾಗದ ತಿರುವಿದಳು. ಆದರೂ ಪಂಚಾಯಿತಿ ಊರವರೆಲ್ಲರ ಪರವಾಗಿ ಕೃತಜ್ಞತೆ ಹೇಳಿದೆಯಲ್ಲ, ಈ ಪತ್ರಗಳು ಇವೆಯಲ್ಲ ಎಂದಳು.

ಆಗ ಎನಿಡ್ ಮೂರು ತಿಂಗಳ ಮೇಲೆ ಮೊದಲ ಸಲ ಡೊರೀನಳ ಮುಖ ನೋಡಿದಳು. ಡೊರೀನ್ ತಲೆ ತಗ್ಗಿಸಿದಳು.

"ಈ ಹೆಂಗಸನ್ನ ನೋಡಿ. ಇವಳು ಬಸ್ಸಿನೋನಿಗೆ ಥ್ಯಾಂಕ್ಸ್ ಹೇಳ್ತಾಳೆ, ಬಸ್ಸು ತಪ್ಪಿಹೋದ್ರೂ ಹೇಳ್ತಾಳೆ. ಹಲ್ಲು ಕಿತ್ತ ಡಾಕ್ಟರಿಗೆ ಬಾಯಲ್ಲಿ ಹತ್ತಿ ಇಟ್ಕೊಂಡೇ ಥ್ಯಾಂಕ್ಸ್ ಹೇಳಿದ್ಲು, ನಾನೇ ಪಕ್ಕದಲ್ಲಿದ್ದೆ. ಹಲ್ಲು ಡಾಕ್ಟರ್ದಾ?" ಉಸಿರು ತೆಗೆದುಕೊಳ್ಳಲು ನಿಂತಳು. "ಅವಳ ಥ್ಯಾಂಕ್ಸ್ ಅವಳದು. ನನ್ನ ಪರವಾಗಿ ಹೇಳೋಕೆ ನಾನು ಯಾರಿಗೂ ಹೇಳಿಲ್ಲ. ದಾರಿ ನನ್ನದು. ನಾನು ಅದ್ರಲ್ಲೇ ಹೋಗೋದು."

ಅಧಿಕಾರಿ ತಲೆ ಎತ್ತದೆ ಬಹಳ ಹೊತ್ತು ಬರೆದುಕೊಂಡರು. ಹೊರಗೆ ಬಂದ ಮೇಲೆ ಡೊರೀನ್ ಎನಿಡಳ ತೋಳು ಹಿಡಿದು ಬಾಯಿ ತೆರೆಯುವಷ್ಟರಲ್ಲಿ ಎನಿಡ್ ಊರುಗೋಲು ಎತ್ತಿದಳು.

"ಥ್ಯಾಂಕ್ಸ್ ಅಂತ ಏನಾದ್ರೂ ಅಂದ್ಯೋ, ಇಲ್ಲೇ ಬಾರಿಸ್ತೀನಿ. ಟೀ ಎಲ್ಲಿ ಕುಡಿಸ್ತೀಯ ಹೇಳು."

ನವೆಂಬರಿನಲ್ಲಿ ತೀರ್ಪು ಬಂತು, ಹನ್ನೆರಡು ಪುಟ. ಪಂಚಾಯಿತಿಯ ಪತ್ರಗಳು ಬರೆದವರ ಸೌಜನ್ಯವನ್ನು ತೋರಿಸುತ್ತವೆಯೇ ಹೊರತು ಒಡೆಯ ಕೊಟ್ಟ ಯಾವ ಅಪ್ಪಣೆಯನ್ನೂ ತೋರಿಸುವುದಿಲ್ಲ, ಒಡೆಯ ಅಂಥ ಅಪ್ಪಣೆ ಕೊಟ್ಟ ಬಗ್ಗೆ ಬೇರೆ ಪುರಾವೆಯೂ ಇಲ್ಲ ಎಂದು ಅಧಿಕಾರಿ ಬರೆದಿದ್ದರು. ಮಿಸ್ ಬ್ರಾಕ್ ಅವರ ಹೇಳಿಕೆಯನ್ನು ಅಲುಗಿಸಲು ಆಗಲಿಲ್ಲ ಎಂದೂ ಇತ್ತು. ಹೆಣದ ಹಾದಿ ನಕ್ಷೆಗೆ ಸೇರಿತು, ಹನ್ನೆರಡನೆಯ ದಾರಿಯಾಗಿ. ಕ್ರೆಸ್‌ವೆಲ್ ಅದೇ ವಾರ ಬೀಗ ತೆಗೆದ, ತಂತಿ ಬಿಚ್ಚಿದ. ಮಂಜು ಕವಿದಿದ್ದ ಒಂದು ಮಧ್ಯಾಹ್ನ ಎನಿಡ್ ಮತ್ತು ಡೊರೀನ್ ತೋಳಿಗೆ ತೋಳು ಹಾಕಿಕೊಂಡು ಚಪ್ಪಟೆ ಕಲ್ಲಿನವರೆಗೆ ನಡೆದರು. ಎನಿಡಳಿಗೆ ಅದಕ್ಕಿಂತ ಮುಂದೆ ಆಗಲಿಲ್ಲ. ಕಲ್ಲಿನ ಮೇಲೆ ಕೂತು, ಮಾರ್ಮಲೇಡಿಗೆ ಸಕ್ಕರೆ ಯಾವಾಗಲೂ ಹೆಚ್ಚಾಗುತ್ತಿತ್ತು, ಗಿಲ್ಬರ್ಟ್ ಹೇಳಿದ್ದ ಎಂದಳು. ಆ ಗೂಬೆಯೊಂದಿಗೆ ಮಾತಾಡುತ್ತಿದ್ದೆಯಾ ಎಂದು ಡೊರೀನ್ ಬೆರಗಾದಳು. ಎನಿಡ್ ಊರುಗೋಲು ಊರಿ ಎದ್ದು ಮನೆಯ ಕಡೆ ತಿರುಗಿದಳು.

ಜನವರಿಯ ಎರಡನೆಯ ವಾರ ಎನಿಡ್ ನಿದ್ದೆಯಲ್ಲೇ ಹೋದಳು.

ಹೆಗಲ ಮೇಲೆ ಹೊರುವುದನ್ನು ಊರು ಮರೆತಿತ್ತು. ಆರು ಮಂದಿ ಹಿಂದಿನ ದಿನ ಖಾಲಿ ಏಣಿಯೊಂದನ್ನು ಹೊತ್ತು ಗುಡ್ಡ ಇಳಿದು ಅಭ್ಯಾಸ ಮಾಡಿದರು. ರಾಲ್ಫ್ ಪೆನ್‌ಫೋಲ್ಡ್ ಎಪ್ಪತ್ತರ ವಯಸ್ಸಿನಲ್ಲಿ ತಾನೂ ಹೆಗಲು ಕೊಡುವೆನೆಂದು ಹಟ ಹಿಡಿದರು. ಅವಳ ಎಲೆಕೋಸು ತಿಂದವರೆಲ್ಲ ಹಿಂದೆ ನಡೆದರು. ಗೇಟು ತೆರೆದೇ ಇತ್ತು. ಅದರ ಪಕ್ಕ ಕ್ರೆಸ್‌ವೆಲ್ ಬರಿದಲೆಯಲ್ಲಿ ನಿಂತಿದ್ದ, ಕುದುರೆಗಳನ್ನು ಬೇರೆ ಹೊಲಕ್ಕೆ ಸರಿಸಿದ್ದ. ಪೆಟ್ಟಿಗೆಯ ಹಿಂದೆ ಮೊದಲು ಬರುತ್ತಿದ್ದವಳು ಡೊರೀನ್. ಅವನ ಎದುರಿಗೆ ಬಂದಾಗ ಜನ್ಮದ ಅಭ್ಯಾಸ ಅವಳ ನಾಲಿಗೆಯ ತುದಿಗೆ ಬಂತು. ಅವಳು ಹಲ್ಲು ಕಚ್ಚಿ ತಲೆಯೆತ್ತಿ ಸೀದಾ ನಡೆದಳು. ಹತ್ತು ಹೆಜ್ಜೆಯಾದ ಮೇಲೆ ಕಣ್ಣಿಂದ ನೀರು ಧಾರಾಕಾರವಾಗಿ ಸುರಿಯಿತು.

ಆ ತಿಂಗಳ ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕದಲ್ಲಿ ಯಾರೂ ಸೂಚಿಸದ, ಯಾರೂ ಅನುಮೋದಿಸದ ಎರಡು ಸಾಲನ್ನು ಅವಳು ಸೇರಿಸಿದಳು. ಇಪ್ಪತ್ತೈದು ವರ್ಷದಲ್ಲಿ ಹಾಗೆ ಮಾಡಿದ್ದು ಅದೊಂದೇ ಸಲ. ರಾಲ್ಫ್ ಸಹಿ ಹಾಕಲು ಪುಸ್ತಕ ಎಳೆದುಕೊಂಡು ಓದಿದರು:

"ಜನವರಿ ಹದಿನಾಲ್ಕರಂದು ಅಪ್ಪರ್ ಎಂಡಿನ ಮಿಸ್ ಎನಿಡ್ ಬ್ರಾಕ್ ಹೆಣದ ಹಾದಿಯಲ್ಲಿ ಚರ್ಚಿಗೆ ಹೋದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ."

ಇದು ಪಂಚಾಯಿತಿಯ ವ್ಯವಹಾರವಲ್ಲವಲ್ಲ ಎನ್ನಲು ಅವರು ತಲೆ ಎತ್ತಿದರು. ಡೊರೀನಳ ಮುಖ ನೋಡಿದರು, ಪೆನ್ನು ತೆಗೆದು ಸಹಿ ಹಾಕಿದರು.